ಒಂದೂವರೆ ಸುತ್ತು

ದೋಣಿ ಶೆಡ್‌ನಿಂದ,
ಹದಿನೇಳನೇ ತಾರೀಕು, ಭಾನುವಾರ ಮಧ್ಯಾಹ್ನ

ನನ್ನ ಗುಬ್ಬಿಗೆ,

ಅಕ್ಕನ ಅಕ್ಷರ ಗುರುತು ಹಿಡಿದೂ ಈ ಲಕೋಟೆಯನ್ನು ಕಸದ ಬುಟ್ಟಿಗೆ ಹಾಕದೆ ಒಡೆದಿದ್ದೀಯಲ್ಲ, ಅಷ್ಟು ಸಾಕು. ಒಳಗಿರುವ ಕಬ್ಬಿಣದ ಚೂರನ್ನು ಎಸೆದುಬಿಡಬೇಡ, ಅದರ ವಿಷಯ ಮುಂದೆ ಬರುತ್ತದೆ. ಎರಡು ವರ್ಷದ ಹಿಂದೆ ನೀನು ಕಳಿಸಿದ ಕಾರ್ಡಿನಲ್ಲಿ ನಿನ್ನ ಕೋಣೆಯ ವಿಳಾಸ ಬಿಟ್ಟರೆ ಒಂದಕ್ಷರ ಇರಲಿಲ್ಲ. ಇವತ್ತು ಆ ವಿಳಾಸವನ್ನು ಮೊದಲು ಲಕೋಟೆಯ ಮೇಲೆ ಬರೆದು, ಅಂಚೆಚೀಟಿಯನ್ನೂ ಅಂಟಿಸಿ, ಆಮೇಲೆ ಪತ್ರ ಶುರು ಮಾಡಿದ್ದೇನೆ. ನಡುವೆ ಮನಸ್ಸು ಬದಲಾಯಿಸಲು ದಾರಿ ಇರಬಾರದು. ಆಸ್ಪತ್ರೆಯ ಬಟ್ಟೆ ಒಗೆಯುವ ಯಂತ್ರಗಳ ನಡುವೆ ನಿನ್ನ ಕೆಲಸವೆಂದು ದಾದಿಯೊಬ್ಬಳು ಹೇಳಿದಳು. ಸದ್ದು ಕೇಳಿಯೇ ಯಾವುದರ ಬೆಲ್ಟು ಸಡಿಲವಾಗಿದೆಯೆಂದು ನೀನು ಹೇಳುತ್ತಿರಬೇಕು. ಕಿವಿ ನಿನಗೆ, ಬಾಯಿ ನನಗೆ ಎಂದು ಅಪ್ಪ ಹಂಚಿಯೇ ಕೊಟ್ಟು ಹೋಗಿದ್ದರಲ್ಲ.

ನಾನು ಗಟ್ಟಿಯಾಗಿದ್ದೇನೆ. ಬಲ ಮಣಿಕಟ್ಟು ಮಾತ್ರ ಊದಿಕೊಂಡಿದೆ. ಅದು ನಮ್ಮ ಮುದುಕನ ಕೃಪೆ. ಅಪ್ಪನ ಕಾಲದಿಂದ ದೋಣಿಯ ಹಿಂಬದಿಗೆ ಕಚ್ಚಿಕೊಂಡಿರುವ ಆ ಮೋಟಾರಿನ ಹಗ್ಗ ಎಳೆದರೆ ಅದು ತಿರುಗಿ ನನ್ನನ್ನೇ ಎಳೆಯುತ್ತದೆ. ಹೊತ್ತಿಕೊಂಡ ಮೇಲೂ ನೆಟ್ಟಗಿರುವುದಿಲ್ಲ. ವೇಗದ ಹಿಡಿ ಮುಟ್ಟದಾಗಿನ ಓಟ, ಆ ಐಡಲ್, ಇಳಿಸಿದರೆ ಸಾಯುತ್ತಾನೆ, ಏರಿಸಿದರೆ ಗೇರ್ ಹಾಕಿದ ಕೂಡಲೇ ನೆಗೆಯುತ್ತಾನೆ. ಪೂರ್ತಿ ವೇಗಕ್ಕೆ ಹೋದರೆ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಸದ್ದು. ನೀನು ಹೋದ ಮೇಲೆ ಐಡಲ್ ತಿರುಪನ್ನು ಬೆಳಿಗ್ಗೆ ಈ ಕಡೆ, ಸಂಜೆ ಆ ಕಡೆ ತಿರುಗಿಸುತ್ತಾ ಹೇಗೋ ದಿನ ತಳ್ಳಿದ್ದೇನೆ.

ಇನ್ನು ತಳ್ಳುವಂತಿಲ್ಲ. ಇಪ್ಪತ್ತೊಂಬತ್ತನೇ ತಾರೀಕು ಶುಕ್ರವಾರ ದೋಣಿ ಕಚೇರಿಯವರು ಪರವಾನಗಿಯ ಪರೀಕ್ಷೆಗೆ ಬರುತ್ತಾರೆ. ಈ ಸಲ ಹೊಸ ಅಧಿಕಾರಿ, ಬಲು ಖಡಕ್ಕಂತೆ. ನಾವು ಹಗ್ಗ ಕಟ್ಟದೆ, ಗೇರಿನಲ್ಲೇ ಬಿಟ್ಟು ದೋಣಿಯ ಮೂತಿಯನ್ನು ಮೆಟ್ಟಿಲಿಗೆ ಒತ್ತಿ ಹಿಡಿದು ಜನರನ್ನು ಇಳಿಸುತ್ತೇವಲ್ಲ, ಅದನ್ನು ಹತ್ತು ನಿಮಿಷ ಮಾಡಿ ತೋರಿಸಬೇಕು. ಮೋಟಾರು ನಿಲ್ಲಬಾರದು, ದೋಣಿ ನೆಗೆಯಬಾರದು. ಆಗದಿದ್ದರೆ ದೋಣಿಯನ್ನು ಮಗುಚಿ ಹಾಕಿ ಅದರ ಮೇಲೆ ಬಟ್ಟೆ ಒಣಗಿಸಬಹುದು, ಅಷ್ಟೇ.

ಹಾಗಾಗಿ ಮೊನ್ನೆ ಗುರುವಾರ ದೋಣಿ ನಿಲ್ಲಿಸಿ, ಶೆಡ್ಡಿನ ಬಾಗಿಲು ಹಾಕಿಕೊಂಡು, ಅದರ ಒಳಮೈಯಲ್ಲಿ ಅಪ್ಪ ದೋಣಿಯ ಬಣ್ಣದಿಂದ ಬರೆದದ್ದನ್ನು ಓದಿದೆ. ಎಷ್ಟು ವರ್ಷದಿಂದ ಅದಕ್ಕೆ ಬೆನ್ನು ಕೊಟ್ಟು ಕೆಲಸ ಮಾಡಿದ್ದೇವೆ ನೋಡು. 'ಮೊದಲು ಕಿಡಿ. ಆಮೇಲೆ ಗಾಳಿ. ಕೊನೆಗೆ ಐಡಲ್. ಅದೂ ನೀರಲ್ಲಿ, ಗೇರಲ್ಲಿ, ಬಿಸಿಯಾದ ಮೇಲೆ.' ನಾನು ಜೀವಮಾನವಿಡೀ ಕೊನೆಯದನ್ನೇ ಮೊದಲು ಮಾಡಿದವಳು. ತಿರುಪು ಕೈಗೆ ಸಿಗುವ ಜಾಗದಲ್ಲಿದೆ, ಕಿಡಿ ಮಾತ್ರ ಭಾರದ ಚಕ್ರದ ಅಡಿಯಲ್ಲಿ ಅಡಗಿದೆ. ಕೈಗೆ ಸಿಕ್ಕಿದ್ದನ್ನು ತಿರುಗಿಸಿ ಕೆಲಸ ಆಯಿತು ಅನ್ನುವುದು ನನ್ನ ಸ್ವಭಾವ. ನಿನಗೆ ಹೇಳಬೇಕಿಲ್ಲ, ಆ ಸ್ವಭಾವದ ಜೊತೆ ಒಂದೇ ಕೋಣೆಯಲ್ಲಿ ಇಪ್ಪತ್ತು ವರ್ಷ ಮಲಗಿದವಳು ನೀನು.

ಬೆಸುಗೆ ಅಂಗಡಿಯವನ ಹತ್ತಿರ ಟೈಮಿಂಗ್ ದೀಪ ಸಾಲ ತಂದೆ. ಪ್ಲಗ್ಗಿನಲ್ಲಿ ಕಿಡಿ ಹಾರಿದಾಗಲೆಲ್ಲ ಅದು ಒಂದು ಸಲ ಮಿಂಚುತ್ತದೆ, ಓಡುತ್ತಿರುವ ಆ ಭಾರದ ಚಕ್ರದ ಗುರುತು ಆ ಬೆಳಕಿನಲ್ಲಿ ನಿಂತ ಹಾಗೆ ಕಾಣುತ್ತದೆ. ದೀಪದ ಜೊತೆ ಅವನೂ ಬಂದ, ಸಾಲ ಕೊಟ್ಟ ಸಾಮಾನಿನ ಮೇಲೆ ಅವನಿಗೆ ಅಷ್ಟು ಪ್ರೀತಿ. ನೋಡಿದರೆ ಗುರುತು ಸರಿಯಾಗಿ ಮೋಟಾರಿನ ಮೈಮೇಲಿನ ಮುಳ್ಳಿನ ಎದುರಿಗೇ ಇದೆ. 'ಗುರುತು ಗುರುತಿಗೆ ಕೂತಿದೆಯಲ್ಲಮ್ಮ, ಇನ್ನೇನು ಅದಕ್ಕೆ ಮುತ್ತು ಕೊಡ್ಬೇಕಾ?' ಅಂದ. ಹಾಗಾದ್ರೆ ಹಗ್ಗ ಯಾಕೆ ಒದೆಯುತ್ತೆ ಅಂದೆ. 'ನಿಮ್ಮನ್ನ ಕಂಡ್ರೆ ಯಾರು ತಾನೆ ಒದೆಯಲ್ಲ' ಎಂದು ದೀಪ ಅಲ್ಲೇ ಬಿಟ್ಟು ಹೋದ.

ಹಿಂದಿನ ನಾನಾಗಿದ್ದರೆ ಅಲ್ಲಿಗೇ ಕೈಬಿಟ್ಟು ಮತ್ತೆ ಐಡಲ್ ತಿರುಪಿಗೆ ಹೋಗುತ್ತಿದ್ದೆ. ಈ ಸಲ ಹಟ ಹಿಡಿದೆ. ಪ್ಲಗ್ ಬಿಚ್ಚಿ, ಆ ತೂತಿಗೆ ಪಿಸ್ಟನ್ನನ್ನು ತಡೆಯುವ ಅಪ್ಪನ ಮೊಂಡು ಮೊಳೆ ಕೂರಿಸಿದೆ. ಚಕ್ರವನ್ನು ಬಲಕ್ಕೆ ತಿರುಗಿಸಿ ಅದು ನಿಂತಲ್ಲಿ ಸೀಮೆಸುಣ್ಣದ ಒಂದು ಗೆರೆ, ಎಡಕ್ಕೆ ತಿರುಗಿಸಿ ನಿಂತಲ್ಲಿ ಇನ್ನೊಂದು. ಆ ಎರಡರ ನಟ್ಟನಡುವೆ ಪಿಸ್ಟನ್ ನಿಜವಾಗಿ ತುದಿ ಮುಟ್ಟುವ ಜಾಗ. ಚಕ್ರದ ಮೇಲೆ ಕೆತ್ತಿದ ಗುರುತು ಅಲ್ಲಿಂದ ಒಂದು ಉಗುರಿನಗಲ ದೂರ ಸರಿದಿತ್ತು. ಅಂದರೆ ದೀಪ ತೋರಿಸಿದ್ದು ಚಕ್ರದ ಮಾತು, ಪಿಸ್ಟನ್ನಿನದಲ್ಲ. ಪಿಸ್ಟನ್ ಮೇಲೆ ಬರುವುದಕ್ಕೆ ಬಹಳ ಮುಂಚೆಯೇ ಕಿಡಿ ಹಾರುತ್ತಿದೆ, ನೀನು ಮಾತು ಮುಗಿಸುವ ಮೊದಲೇ ನಾನು ಉತ್ತರ ಕೊಡುವ ಹಾಗೆ. ಆತುರಗಾರನಿಗೆ ಬುದ್ಧಿ ಮಟ್ಟ.

ಚಕ್ರ ಎತ್ತಲು ಅರ್ಧ ದಿನ ಹಿಡಿಯಿತು. ಅದರಡಿಯಲ್ಲಿ, ಚಕ್ರವನ್ನೂ ದಂಡವನ್ನೂ ಒಟ್ಟಿಗೆ ಹಿಡಿದಿಡುವ ಕೀಲು ಇದೆಯಲ್ಲ, ಕಡಲೆಕಾಳಿನಷ್ಟು ದಪ್ಪದ್ದು, ಅದು ಅರ್ಧ ಕತ್ತರಿಸಿ ಬಾಗಿತ್ತು. ಲಕೋಟೆಯಲ್ಲಿರುವ ಚೂರು ಅದೇ. ನೀರಿನಡಿ ತಿರುಗುತ್ತಿರುವ ರೆಕ್ಕೆ ಕಲ್ಲಿಗೆ ಬಡಿದು ದಂಡ ಗಕ್ಕನೆ ನಿಂತಾಗ ಚಕ್ರ ಮುಂದಕ್ಕೆ ನುಗ್ಗಿ ಕೀಲು ಹೀಗಾಗುತ್ತದೆ. ನಮ್ಮ ಮೋಟಾರಿನ ರೆಕ್ಕೆ ಕಲ್ಲಿಗೆ ಬಡಿದದ್ದು ಒಂದೇ ಒಂದು ದಿನ.

ಆ ದಿನದ ಮಾತನ್ನು ನಾವಿಬ್ಬರೂ ಒಮ್ಮೆಯೂ ಕೂತು ಆಡಿಲ್ಲ. ಈಗ ಆಡೋಣ. ಚಳಿಗಾಲದ ಬೆಳಿಗ್ಗೆ, ಎಂಟು ಗಂಟೆಯ ಸರದಿ, ಚುಕ್ಕಾಣಿಯಲ್ಲಿ ನೀನು. ನಾನು ಪೆಟ್ರೋಲು ತರಲು ಹೋಗಿ ಕ್ಯಾನು ಹೊತ್ತುಕೊಂಡು ಬರುತ್ತಿದ್ದೆ, ಕಟ್ಟೆಯ ಮೇಲಿಂದ ಎಲ್ಲ ಕಾಣುತ್ತಿತ್ತು. ನೀನು ದಕ್ಕೆಗೆ ತಿರುಗಿ ಬಂದೆ, ಗೇರ್ ತೆಗೆದು ದೋಣಿಯನ್ನು ತೇಲಲು ಬಿಟ್ಟೆ, ಮೂತಿ ಮೆಟ್ಟಿಲು ಮುಟ್ಟಿತು, ಒತ್ತಿ ಹಿಡಿಯಲು ಮತ್ತೆ ಗೇರ್ ಹಾಕಿದೆ. ನಿವೃತ್ತ ಮೇಷ್ಟ್ರು ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದರು, ಇನ್ನೊಂದು ದೋಣಿಯಲ್ಲಿತ್ತು. ದೋಣಿ ನೆಗೆಯಿತು. ಮೂತಿ ಮೆಟ್ಟಿಲ ಮೇಲೆ ಹತ್ತಿ ಜಾರಿತು, ಹಿಂಬದಿ ತಿರುಗಿ ರೆಕ್ಕೆ ದಕ್ಕೆಯ ಕಲ್ಲುಗೋಡೆಗೆ ಬಡಿಯಿತು, ಮೇಷ್ಟ್ರು ನಡುವೆ ಬಿದ್ದರು. ಸೊಂಟದ ಮೂಳೆ ಮುರಿದ ಸದ್ದು ನನಗೆ ಅಷ್ಟು ದೂರಕ್ಕೆ ಕೇಳಿಸಲಿಲ್ಲ. ನಿನಗೆ ಕೇಳಿಸಿರುತ್ತದೆ.

'ಅಕ್ಕಾ, ನಾನು ಹಿಡಿ ತಿರುಗಿಸ್ಲೇ ಇಲ್ಲ, ಬರೀ ಗೇರ್ ಹಾಕಿದ್ದು' ಅಂದೆ ನೀನು. ಮೂರು ಸಲ ಅಂದೆ. ನಾನು ಕೊಟ್ಟ ಉತ್ತರ ನಿನಗೆ ಮರೆತಿರುವುದಿಲ್ಲ. 'ಗಾಬರೀಲಿ ಕೈ ಏನು ಮಾಡ್ತೋ ನಿಂಗೆ ಹೇಗೆ ಗೊತ್ತಾಗುತ್ತೆ?' ಅಂದೆ. ನೀನು ನಿನ್ನ ಬಲಗೈಯನ್ನು ತಿರುಗಿಸಿ, ಅದು ಬೇರೆ ಯಾರದೋ ಎಂಬಂತೆ ನೋಡಿಕೊಂಡೆ. ಮರುದಿನ ಕಚೇರಿಯವರು ಬಂದು ಮೋಟಾರು ಓಡಿಸಿ ನೋಡಿದರು, ಐಡಲ್ ಸರಿಯಿದೆ ಅಂದರು. ಮೋಟಾರು ಸರಿಯಿದ್ದ ಮೇಲೆ ತಪ್ಪು ಕೈಯದೇ ಎಂದು ಬರೆದು ನಿನ್ನ ಚಾಲನೆ ಚೀಟಿ ಕಿತ್ತುಕೊಂಡರು. ದಕ್ಕೆಯ ಬ್ರೆಡ್ಡಿನ ಅಂಗಡಿಯವಳು 'ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ' ಎಂದು ನಿನಗೆ ಕೇಳಿಸುವ ಹಾಗೆಯೇ ಹೇಳಿದಳು. ವಾರ ಕಳೆಯುವುದರೊಳಗೆ ನೀನು ಹೊರಟೆ.

ಇಲ್ಲಿಗೆ ಇವತ್ತು ನಿಲ್ಲಿಸುತ್ತೇನೆ. ಮಣಿಕಟ್ಟು ನೋಯುತ್ತಿದೆ ಎಂದು ಬರೆದರೆ ನೀನು ನಂಬುವುದಿಲ್ಲ, ಆದರೂ ನೋಯುತ್ತಿದೆ.

ಬುಧವಾರ, ಸಂಜೆ ನಾಲ್ಕು

ಗುಬ್ಬಿ, ಮುಂದುವರಿಸುತ್ತೇನೆ. ಮೂರು ದಿನದಲ್ಲಿ ಬಹಳ ಆಯಿತು, ಆದರೆ ಮೊದಲು ಕಳೆದ ಶನಿವಾರದ್ದು. ಭಾನುವಾರ ಅದನ್ನು ಬಿಟ್ಟು, ಮುದುಕ ಇನ್ನೂ ಕೆಟ್ಟೇ ಇದ್ದಾನೆ ಎಂಬಂತೆ ಬರೆದಿದ್ದೆ.

ಹೊಸ ಕೀಲು ಹಾಕಿ, ಚಕ್ರ ಬಿಗಿದು, ಗುರುತೂ ಪಿಸ್ಟನ್ನೂ ಒಂದೇ ಮಾತು ಹೇಳುವಂತೆ ಮಾಡಿದೆ. ಕಿಡಿಯ ಸಮಯ ಕೂರಿಸಿದೆ. ಹಿಡಿ ತಿರುಗಿಸಿದಾಗ ಕಿಡಿ ಎಷ್ಟು ಮುಂದೆ ಸರಿದರೆ ಗಾಳಿಯ ಬಾಗಿಲು ತೆರೆಯಬೇಕೋ ಅದನ್ನೂ ನೋಡಿದೆ. ಕೊನೆಗೆ, ಅಪ್ಪ ಹೇಳಿದಂತೆ ಕೊನೆಗೇ, ದೋಣಿಯನ್ನು ನೀರಿಗಿಳಿಸಿ ಹಿಂದಿನಿಂದ ಎರಡು ಹಗ್ಗ ಕಂಬಗಳಿಗೆ ಕಟ್ಟಿ, ಕಾಲು ಗಂಟೆ ಓಡಿಸಿ ಬಿಸಿ ಮಾಡಿ, ಗೇರ್ ಹಾಕಿ, ಐಡಲ್ ತಿರುಪು ಹಿಡಿದೆ. ನಿಮಿಷಕ್ಕೆ ಏಳುನೂರು ಸುತ್ತು. ಗೇರ್ ತೆಗೆದರೆ ಒಂಬೈನೂರು. ಹಲಗೆಯ ಮೇಲೆ ನೀರು ತುಂಬಿದ ಲೋಟ ಇಟ್ಟೆ, ನಡುಗಿತು, ಚೆಲ್ಲಲಿಲ್ಲ. ಹಗ್ಗ ಎಳೆದರೆ ಒದೆಯಲಿಲ್ಲ. ಮುದುಕ ಅಪ್ಪನ ಕಾಲದ ಹಾಗೆ ಗೊಣಗುತ್ತಾ ಕೂತ. ಎರಡು ಹನಿ ಕಣ್ಣೀರು ಬಂತು, ಹೊಗೆಗೆ ಅಂತ ಇಟ್ಟುಕೋ.

ಅಲ್ಲಿಗೆ ಮುಗಿಸಿ ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಜೇಬಿನಿಂದ ಊಟದ ಚಮಚ ತೆಗೆದು, ಅದರ ಹಿಡಿಯ ತುದಿಯಿಂದ ಐಡಲ್ ತಿರುಪನ್ನು ಒಂದೂವರೆ ಸುತ್ತು ಏರಿಸಿದೆ. ಯಾಕೆಂದರೆ ಆ ದಿನ ಬೆಳಿಗ್ಗೆ ನಾನು ಅದೇ ಚಮಚದಿಂದ ಅಷ್ಟೇ ಏರಿಸಿದ್ದೆ.

ಹೌದು. ಆರೂವರೆಯ ಸರದಿ ನನ್ನದಲ್ಲವೇ? ಚಳಿಗೆ ಮೋಟಾರು ನಾಲ್ಕು ಸಲ ಸತ್ತಿತು. ಆಸ್ಪತ್ರೆಗೆ ಹೋಗುವ ದಾದಿಯರು ಗಡಿಯಾರ ನೋಡುತ್ತಿದ್ದರು. ಇನ್ನೂ ತಣ್ಣಗಿದ್ದ ಮೋಟಾರಿಗೆ, ಗೇರ್ ಹಾಕದೆಯೇ, ಅಪ್ಪ ಬೇಡವೆಂದು ಬರೆದದ್ದನ್ನೆಲ್ಲ ಒಂದೇ ಏಟಿಗೆ ಮಾಡಿದೆ. ಒಂದೂವರೆ ಸುತ್ತು. ನಿಲ್ಲದೆ ಓಡಿತು. ಎಂಟಕ್ಕೆ ನಿನ್ನ ಕೈಗೆ ಚುಕ್ಕಾಣಿ ಕೊಟ್ಟು ಪೆಟ್ರೋಲಿಗೆ ಹೋದೆ. ತಿರುಪು ಏರಿಸಿದ್ದೇನೆಂದು ಒಂದು ಮಾತು ಹೇಳಲಿಲ್ಲ. ನೀನು ಮೊದಲ ಸುತ್ತು ಮುಗಿಸಿ ಬರುವಷ್ಟರಲ್ಲಿ ಮೋಟಾರು ಬಿಸಿಯಾಗಿ ಐಡಲ್ ಇನ್ನಷ್ಟು ಏರಿತ್ತು. ಆಮೇಲೆ ಗದ್ದಲದಲ್ಲಿ, ಮೇಷ್ಟ್ರನ್ನು ಹೊತ್ತು ಓಡುವುದರಲ್ಲಿ, ತಿರುಪಿನ ನೆನಪೇ ಬರಲಿಲ್ಲ. ನೆನಪು ಬಂದಾಗ ತಡವಾಗಿತ್ತು. ಒಂದೂವರೆ ಸುತ್ತು ಏನು ಮಹಾ, ಅಷ್ಟಕ್ಕೆಲ್ಲ ದೋಣಿ ನೆಗೆಯುತ್ತದೆಯೇ ಎಂದು ನನಗೆ ನಾನೇ ಎರಡು ವರ್ಷ ಹೇಳಿಕೊಂಡೆ.

ಅದಕ್ಕೇ ಶನಿವಾರ ಪರೀಕ್ಷೆ ಮಾಡಿದೆ. ನೀನು ಕೂರುವ ಜಾಗದಲ್ಲಿ ಕೂತೆ. ಬಲಗೈಯನ್ನು ಹಿಡಿಯಿಂದ ತೆಗೆದು ಮೇಲಕ್ಕೆ ಎತ್ತಿ ಹಿಡಿದೆ, ಪಾಠ ಬಾರದ ಮಕ್ಕಳು ತರಗತಿಯಲ್ಲಿ ನಿಲ್ಲುವ ಹಾಗೆ. ಎಡಗೈಯಿಂದ ಗೇರ್ ಹಾಕಿದೆ. ದೋಣಿ ನೆಗೆಯಿತು. ಹಗ್ಗಗಳೆರಡೂ ಬಿಗಿದು ಒಂದು ಕಂಬ ಬುಡದಿಂದ ವಾಲಿತು, ಲೋಟ ಹಾರಿ ನೀರಿಗೆ ಬಿತ್ತು, ನಾನು ಹಲಗೆಯಿಂದ ಕೆಳಕ್ಕೆ ಕುಸಿದೆ. ನನ್ನ ಬಲಗೈ ಮಾತ್ರ ಇನ್ನೂ ಗಾಳಿಯಲ್ಲೇ ಇತ್ತು. ಬಿದ್ದಲ್ಲಿಂದ ಅದನ್ನೇ ನೋಡುತ್ತಾ ಕೂತೆ. ನೆಲ ನಿಜವಾಗಿಯೂ ಡೊಂಕಾಗಿತ್ತು ಗುಬ್ಬಿ. ಡೊಂಕು ಮಾಡಿದವಳು ಅವತ್ತು ಆ ಬ್ರೆಡ್ಡಿನವಳ ಪಕ್ಕದಲ್ಲೇ ನಿಂತು ತಲೆಯಾಡಿಸುತ್ತಿದ್ದಳು.

ತಿರುಪನ್ನು ಮತ್ತೆ ಏಳುನೂರಕ್ಕೆ ಇಳಿಸಿ, ಅದರ ತಲೆಯಿಂದ ಮೈಗೆ ಅಡ್ಡಲಾಗಿ ಒಂದು ಬಣ್ಣದ ಗೆರೆ ಎಳೆದಿದ್ದೇನೆ. ಇನ್ನು ಯಾರು ಮುಟ್ಟಿದರೂ ಗೆರೆ ಮುರಿಯುತ್ತದೆ, ಗೊತ್ತಾಗುತ್ತದೆ. ನೀನು ಕಿಟಕಿಯಲ್ಲಿ ಬಿಟ್ಟು ಹೋದ ಉಗುರುಬಣ್ಣ ಅದು. ಚುಕ್ಕಾಣಿ ಹಿಡಿಯುವವಳಿಗೆ ಇದೆಲ್ಲ ಯಾಕೆ ಎಂದು ಬೈಯುತ್ತಿದ್ದೆನಲ್ಲ, ಅದೇ ಕೆಂಪು.

ಸೋಮವಾರ ಮೇಷ್ಟ್ರ ಮನೆಗೆ ಹೋದೆ. ಕೋಲೂರಿಕೊಂಡು ತಾವೇ ಬಾಗಿಲು ತೆಗೆದರು. ಎಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಳ್ಳಲಿಲ್ಲ. ಆಮೇಲೆ, 'ಆ ಹುಡುಗಿ ಆಸ್ಪತ್ರೆಗೆ ಬಂದಾಗ ನಾನು ಗೋಡೆ ಕಡೆ ತಿರುಗಿ ಮಲಗಿದ್ದೆ' ಅಂದರು. ನೀನು ಹೋಗಿದ್ದೆಯೆಂದು ನನಗೆ ಗೊತ್ತೇ ಇರಲಿಲ್ಲ. ಕ್ಷಮಿಸಿ ಅಂದೆ. 'ಸೊಂಟ ನಂದು, ಅದಕ್ಕೆ ಬೇಕಾದ್ರೆ ಕ್ಷಮಿಸ್ತೀನಿ. ಹೆಸರು ಅವಳದ್ದು, ಅದನ್ನ ಅವಳ ಹತ್ರಾನೇ ಕೇಳು' ಎಂದು ಬಾಗಿಲು ಹಾಕಿಕೊಂಡರು. ನ್ಯಾಯವಾದ ಮಾತು.

ಮಂಗಳವಾರ ದೋಣಿ ಕಚೇರಿ. ಎಲ್ಲವನ್ನೂ ಎರಡು ಪ್ರತಿ ಬರೆದು, ಒಂದನ್ನು ಅಧಿಕಾರಿಯ ಮೇಜಿನ ಮೇಲಿಟ್ಟೆ. ಅವರು ಓದಿ, 'ಎರಡು ವರ್ಷ ಸುಮ್ನಿದ್ದೋರು ಇನ್ನೊಂದು ವಾರ ಸುಮ್ನಿದ್ದಿದ್ರೆ ಪರೀಕ್ಷೆ ಪಾಸಾಗ್ತಿತ್ತಲ್ರೀ' ಅಂದರು. ಮೋಟಾರು ಪಾಸಾಗುತ್ತೆ ಸಾರ್, ನಾನಾಗಲ್ಲ ಅಂದೆ. ಹಿಡಿ ಮುಟ್ಟದೆ ದೋಣಿ ನೆಗೆಯುತ್ತದೆಯೆಂದು ನಂಬದಿದ್ದರೆ ಬಂದು ನೋಡಿ ಅಂದೆ. ಬಂದರು. ಅವರ ಎದುರಿಗೆ ಗೆರೆ ಮುರಿದು, ಒಂದೂವರೆ ಸುತ್ತು ಏರಿಸಿ, ಮತ್ತೊಮ್ಮೆ ಕೈ ಎತ್ತಿ ತೋರಿಸಿದೆ. ಈ ಸಲ ಅವರು ಕುಸಿದರು, ಟೋಪಿ ನೀರಿಗೆ ಬಿತ್ತು. ನಗಬಾರದ ಹೊತ್ತಿನಲ್ಲಿ ನನಗೆ ನಗು ಬರುವ ಕಾಯಿಲೆ ಇನ್ನೂ ವಾಸಿಯಾಗಿಲ್ಲ. ತಿರುಪು ಇಳಿಸಿ ಹೊಸ ಗೆರೆ ಎಳೆದೆ.

ನನ್ನ ಚಾಲನೆ ಚೀಟಿಯನ್ನು ಅವರು ಒಂದು ವರ್ಷಕ್ಕೆ ತೆಗೆದುಕೊಂಡರು. ನಿನ್ನ ಮೇಲಿನ ಬರಹವನ್ನು ಹೊಡೆದುಹಾಕಿ, ತಪ್ಪಿಲ್ಲವೆಂದು ಬರೆದು, ಕೆಳಗೆ ಸಹಿ ಹಾಕಿ ಮುದ್ರೆ ಒತ್ತಿದರು. ನಿನ್ನ ಚೀಟಿ ಈಗ ನನ್ನ ಬಳಿಯಿದೆ. ಅಂಚೆಯನ್ನು ನಂಬಿ ಕಳಿಸಲು ಧೈರ್ಯ ಬರಲಿಲ್ಲ. ಬೇಕೆಂದು ಬರೆ, ಎಲ್ಲಿಗೆ ಹೇಳುತ್ತೀಯೋ ಅಲ್ಲಿಗೆ ತಂದು ಕೊಟ್ಟು, ನೀರೂ ಕುಡಿಯದೆ ಹಿಂದಿರುಗುತ್ತೇನೆ.

ಇಪ್ಪತ್ತೊಂಬತ್ತಕ್ಕೆ ಚುಕ್ಕಾಣಿ ಹಿಡಿಯಲು ಈ ದಡದಲ್ಲಿ ಚೀಟಿಯಿರುವವರು ಯಾರೂ ಇಲ್ಲ. ಅದನ್ನು ಹೇಳಿ ನಿನ್ನನ್ನು ಕರೆಯುತ್ತಿಲ್ಲ, ಸರಿಯಾಗಿ ಕೇಳಿಸಿಕೋ. ಹರಿದದ್ದನ್ನು ಹೊಲಿಯಲು ಹರಿಸಿಕೊಂಡವಳನ್ನೇ ಕೂರಿಸುವಷ್ಟು ದಪ್ಪ ಚರ್ಮ ನನಗೂ ಇಲ್ಲ. ನೀನು ಬಾರದಿದ್ದರೆ ದೋಣಿ ಕಟ್ಟಿಕೊಂಡೇ ಇರಲಿ. ಕಾಗದದ ಕಾರ್ಖಾನೆಯಲ್ಲಿ ಹೊರೆ ಎತ್ತುವ ಕೆಲಸ ಕೇಳಿ ಬಂದಿದ್ದೇನೆ, ಸಿಗುತ್ತದೆ. ಮುದುಕನಿಗೆ ವಾರಕ್ಕೊಮ್ಮೆ ಹಗ್ಗ ಎಳೆದು ಕಾಲು ಗಂಟೆ ಓಡಿಸುತ್ತೇನೆ. ತಿರುಪು ಮುಟ್ಟುವುದಿಲ್ಲ.

ನೀನು ಬಂದರೂ ನನ್ನೊಂದಿಗೆ ಮಾತಾಡಬೇಕೆಂದಿಲ್ಲ. ಹಗ್ಗ ಬಿಚ್ಚುವ ಕೆಲಸ ನನ್ನದು, ಚುಕ್ಕಾಣಿ ನಿನ್ನದು. ದಕ್ಕೆಯ ಮೇಲೆ ನಿಂತು ಬಾಯಿ ಮುಚ್ಚಿಕೊಂಡು ಹಗ್ಗ ಹಿಡಿಯುವುದನ್ನು ಈ ವಯಸ್ಸಿನಲ್ಲಿ ಕಲಿಯುತ್ತೇನೆ. ಕೀಲನ್ನು ಇಟ್ಟುಕೋ. ಎರಡು ವರ್ಷ ಅದು ಅರ್ಧ ಮುರಿದೂ ಚಕ್ರವನ್ನು ಹಿಡಿದುಕೊಂಡಿತ್ತು.

ನಿನ್ನ ಕೈಯನ್ನು ನೀನು ಅನುಮಾನಿಸುವಂತೆ ಮಾಡಿದ,
ಅಕ್ಕ

ಮರೆತಿದ್ದು: ಮರೆತದ್ದಲ್ಲ, ಬಿಟ್ಟದ್ದು. ತಿರುಪಿನ ನೆನಪು ತಡವಾಗಿ ಬಂತೆಂದು ಮೇಲೆ ಬರೆದಿದ್ದೇನಲ್ಲ, ಅದು ಸುಳ್ಳು. ಮರುದಿನ ಕಚೇರಿಯವರು ಹತ್ತು ಗಂಟೆಗೆ ಬಂದರು. ಒಂಬತ್ತೂವರೆಗೆ ನಾನು ಶೆಡ್ಡಿಗೆ ಹೋಗಿ, ಅದೇ ಚಮಚದಿಂದ ತಿರುಪನ್ನು ಒಂದೂವರೆ ಸುತ್ತು ಹಿಂದಕ್ಕೆ ಇಳಿಸಿದ್ದೆ. ತಪ್ಪು ಮೋಟಾರಿನದಾದರೆ ದೋಣಿ ನಿಲ್ಲುತ್ತದೆ, ಕೈಯದಾದರೆ ನೀನೊಬ್ಬಳೇ ನಿಲ್ಲುತ್ತೀ ಎಂದು ಯೋಚಿಸಿಯೇ ಇಳಿಸಿದೆ. ಕಚೇರಿಗೆ ಕೊಟ್ಟ ಹಾಳೆಯಲ್ಲಿ ಇದೂ ಇದೆ. ಅದರ ಇನ್ನೊಂದು ಪ್ರತಿಯನ್ನು ನಿನ್ನೆ ದಕ್ಕೆಯ ಫಲಕಕ್ಕೆ ಅಂಟಿಸಿದ್ದೇನೆ, ಬ್ರೆಡ್ಡಿನವಳು ಜನರಿಗೆ ಓದಿ ಹೇಳುತ್ತಿದ್ದಾಳೆ. ಊರಿಗೆಲ್ಲ ಬರೆಯಲು ಒಂದು ಬೆಳಿಗ್ಗೆ ಸಾಕಾಯಿತು, ನಿನಗೆ ಬರೆಯಲು ನಾಲ್ಕು ದಿನ ಹಿಡಿಯಿತು. ಹಿಡಿ ತಿರುಗಿಸಲಿಲ್ಲ ಎಂದು ನೀನು ಮೂರು ಸಲ ಹೇಳಿದೆ. ಅದು ನಿಜವೆಂದು ಮೊದಲ ಸಲಕ್ಕೇ ನನಗೆ ಗೊತ್ತಿತ್ತು.